ಟ್ಯಾಂಕಿನ ಕಾಕಾ ಉಗುಳಿದ ಬೆಲ್ಲ

ಕಾಕಾರ ಬಲ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಎಂದೋ ಉಗಿಯ ಕೊಳವೆ ಸಿಡಿದು ಚರ್ಮ ಸುಟ್ಟಿತ್ತಂತೆ. ಆಮೇಲೆ ಬಂದ ಹೊಸ ಚರ್ಮ ಇಸ್ತ್ರಿ ಮಾಡಿದ ಬಟ್ಟೆಯಂತೆ ನುಣ್ಣಗಿತ್ತು. ಬೆಳಿಗ್ಗೆ ಬಂದವರೇ ಚಪ್ಪಲಿ ಬದಲಿಸಿ, ಆ ಅಂಗೈಯನ್ನು ಟ್ಯಾಂಕಿನ ಹೊಟ್ಟೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಪಕ್ಕದ ಪರದೆಯಲ್ಲಿ ಶಾಖ, ಹುಳಿ, ಆಮ್ಲಜನಕ ಎಲ್ಲವೂ ದಶಮಾಂಶ ಸಮೇತ ಮೂಡುತ್ತಿದ್ದವು. "ಅದನ್ನೂ ನೋಡಿ ಕಾಕಾ" ಎಂದರೆ, "ಅದು ಜ್ವರಾ ಎಷ್ಟದ ಅಂತ ಹೇಳತದ, ಬಾಯಾರ. ಕೂಸು ಹೆಂಗದ ಅಂತ ಹೇಳಂಗಿಲ್ಲ" ಎನ್ನುತ್ತಿದ್ದರು.

ಬಾಯಾರ ಎಂದರೆ ಅವರ ಕಡೆಯ ಮೇಡಂ, ಅಂದರೆ ನಾನು. ಕೂಸು ಎಂದರೆ ಯೀಸ್ಟ್. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಅದೇ ಸೂಕ್ಷ್ಮಜೀವಿ. ಆಫ್ರಿಕಾದ ಒಂದು ಕಾಡುಹಣ್ಣಿನಲ್ಲಿ ಸಕ್ಕರೆಗಿಂತ ಎಷ್ಟೋ ಪಾಲು ಸಿಹಿಯಾದ ಪ್ರೋಟೀನ್ ಇದೆ, ಅದನ್ನು ತಿಂದರೆ ರಕ್ತದಲ್ಲಿ ಸಕ್ಕರೆ ಏರುವುದಿಲ್ಲ. ಆ ಪ್ರೋಟೀನಿನ ಜೀನನ್ನು ಬರೆದು ಯೀಸ್ಟಿನೊಳಗೆ ಕೂರಿಸಿ, ಅದಕ್ಕೆ ಬೆಲ್ಲದ ನೀರು ಉಣ್ಣಿಸಿ, ಸಿಹಿಯನ್ನು ತೆಗೆಯುವುದು ನಮ್ಮ ಕೆಲಸ. ಆ ಯೀಸ್ಟ್ ತಳಿಯನ್ನು ಕಟ್ಟಲು ನನಗೆ ನಾಲ್ಕು ವರ್ಷ ಹಿಡಿದಿತ್ತು. ಖರಾಡಿಯ ಗಾಜಿನ ಕಟ್ಟಡಗಳ ಹಿಂದೆ ಒಂದು ಶೆಡ್ಡು, ಒಂದು ದೊಡ್ಡ ಟ್ಯಾಂಕು, ಹನ್ನೊಂದು ಜನ. ಕಂಪನಿ ಎಂದರೆ ಅಷ್ಟೇ.

ಕಾಕಾ ಬೆಳಗಾವಿಯವರು. ಔಷಧ ಕಾರ್ಖಾನೆಯೊಂದರಲ್ಲಿ ಆಯುಷ್ಯವೆಲ್ಲ ಟ್ಯಾಂಕು ನಡೆಸಿ, ನಿವೃತ್ತರಾಗಿ, ಮನೆಯಲ್ಲಿ ಕೂರಲಾಗದೆ ನಮ್ಮಲ್ಲಿಗೆ ಬಂದವರು. ಎಲ್ಲರೊಡನೆ ಈ ಊರಿನ ಭಾಷೆ ಮರಾಠಿ, ನನ್ನೊಡನೆ ಮಾತ್ರ ಕನ್ನಡ. ನಾನು ತುಮಕೂರಿನವಳು, ಆದ್ದರಿಂದ ನನ್ನ ಭಾಷೆ ಅವರಿಗೆ ದಿನಾ ಒಂದು ತಮಾಷೆ. "ನಿಮ್ಮ ಕನ್ನಡ ಭಾಳ ಮೆತ್ತಗದ ಬಾಯಾರ, ರೊಟ್ಟಿ ಜೋಡಿ ನಡಿಯಂಗಿಲ್ಲ" ಎಂದು ಛೇಡಿಸುವರು. ಸಕ್ಕರೆ ಕಾಯಿಲೆ ಇದ್ದುದರಿಂದ ಸಪ್ಪೆ ಚಹಾ ಕುಡಿಯುವರು. ಪ್ರತಿ ಗುಟುಕಿಗೂ ಮುಖ ಕಿವುಚುವರು, ಆದರೂ ದಿನಕ್ಕೆ ಐದು ಕಪ್ಪು ಬಿಡುವವರಲ್ಲ.

ಪ್ರಯೋಗಾಲಯದ ಪುಟ್ಟ ಗಾಜಿನ ಪಾತ್ರೆಗಳಲ್ಲಿ ನನ್ನ ತಳಿ ಸೊಗಸಾಗಿ ಬೆಳೆಯಿತು. ಅಲ್ಲಿ ಬಳಸಿದ್ದು ಕಾಕಾರ ಮನೆಯಿಂದ ಡಬ್ಬಿಯಲ್ಲಿ ಬರುತ್ತಿದ್ದ, ಸಂಕೇಶ್ವರದ ಕಡೆಯ ಕಪ್ಪು ಬೆಲ್ಲ. ದೊಡ್ಡ ಟ್ಯಾಂಕಿಗೆ ಮೂಟೆಗಟ್ಟಲೆ ಬೇಕಾದಾಗ ನಾನೇ ಮಾರ್ಕೆಟ್ ಯಾರ್ಡಿಗೆ ಹೋದೆ. ಕಪ್ಪು ಬೆಲ್ಲ ನನ್ನ ಕಣ್ಣಿಗೆ ಕೊಳಕಾಗಿ ಕಂಡಿತು. ಬಂಗಾರದ ಬಣ್ಣಕ್ಕೆ ಹೊಳೆಯುವ ಅಚ್ಚುಗಳನ್ನು ಆರಿಸಿ ತಂದೆ. ಹಿಂದಿನ ಕೋಣೆಯಲ್ಲಿ ಅದನ್ನು ಕರಗಿಸಿದರು, ಕಾಕಾರ ಟ್ಯಾಂಕಿಗೆ ಅದು ಕೊಳವೆಯಲ್ಲಿ ನೀರಾಗಿಯೇ ಬಂತು.

ಮೊದಲ ಬ್ಯಾಚ್ ಇಪ್ಪತ್ತನೆಯ ತಾಸಿಗೆ ನಿಂತುಹೋಯಿತು. ಎರಡನೆಯದೂ, ಮೂರನೆಯದೂ ಹಾಗೆಯೇ. ಯೀಸ್ಟ್ ಬೆಳೆಯುತ್ತಿಲ್ಲ, ಸಿಹಿ ಇಲ್ಲವೇ ಇಲ್ಲ. ದೊಡ್ಡ ಟ್ಯಾಂಕಿನಲ್ಲಿ ಪೀಳಿಗೆಗಳು ಹೆಚ್ಚಾದಂತೆ, ಕೂರಿಸಿದ ಜೀನನ್ನು ಯೀಸ್ಟ್ ಕಳಚಿಕೊಳ್ಳುವುದುಂಟು. ಇದೂ ಅದೇ ಎಂದು ಎಲ್ಲರೂ ಅಂದರು, ನಾನೂ ಅಂದೆ. ಇನ್ನೊಂದು ಬ್ಯಾಚಿಗಷ್ಟೇ ದುಡ್ಡಿದೆ ಎಂದು ನಮ್ಮ ಸಾಹೇಬರು ಹೇಳಿದರು. ನನ್ನ ತಳಿ ನಂಬಿಕೆಗೆ ಅನರ್ಹ, ಹೊರದೇಶದ್ದನ್ನು ಕೊಳ್ಳೋಣ ಎಂಬ ಪತ್ರವನ್ನು ನಾನೇ ಟೈಪ್ ಮಾಡತೊಡಗಿದೆ. ನಾಲ್ಕು ವರ್ಷವನ್ನು ನಾನೇ ಕೈಯಾರೆ ಹೂಳುತ್ತಿದ್ದೆ.

ಕಾಕಾ ಬಾಗಿಲಲ್ಲಿ ನಿಂತು ಕೇಳಿದರು, "ಏನ ಬರಿಯಾಕತ್ತೀರಿ?"

ಹೇಳಿದೆ. ಅವರಿಗೆ ಸಿಟ್ಟು ಬಂತು. ನಾನು ಕಂಡ ಅವರ ಸಿಟ್ಟು ಅದೊಂದೇ.

"ಕೂಸು ಉಣ್ಣಲಿಲ್ಲ ಅಂದ್ರ ಕೂಸಿಗ್ಯಾಕ ಬೈತೀರಿ? ತಾಟಿನ್ಯಾಗ ಏನ ಬಡಿಸೇವಿ, ಮದಲ ಅದನ್ನ ನೋಡೂಣ ನಡೀರಿ."

ಹಿಂದಿನ ಕೋಣೆಗೆ ಹೋದರು, ಮೂಟೆ ಬಿಚ್ಚಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಾನು ತಡೆಯುವಷ್ಟರಲ್ಲಿ ಥೂ ಎಂದು ಮೋರಿಗೆ ಉಗುಳಿದರು. "ಗಂಧಕ. ಚಂದ ಕಾಣ್ಲಿ ಅಂತ ಕೆಮಿಕಲ್ ಹಾಕಿ ಬೆಳ್ಳಗ ಮಾಡ್ಯಾರ. ಇದನ್ನ ಮಂದಿ ಸುದ್ದಾ ತಿನಬಾರದು, ಕೂಸು ಹೆಂಗ ತಿಂದೀತು? ಯಾರ ತಂದ್ರಿ ಇದನ್ನ?"

ನಾನು ಮೂಟೆಯ ಬಾಯಿ ಕಟ್ಟತೊಡಗಿದೆ. ಅವರಿಗೆ ಅರ್ಥವಾಯಿತು. "ಸಾಹೇಬ್ರು ಕೇಳತಾರ. ನಾ ಹೇಳಂಗಿಲ್ಲ. ಅವರು ಕೇಳೂದರೊಳಗ ನೀವ ಹೋಗಿ ಹೇಳ್ರಿ" ಎಂದರು.

ಹೋಗಿ ಹೇಳಿದೆ. ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದುವ ಡಾಕ್ಟರೇಟ್ ಹುಡುಗಿ ಬಣ್ಣ ನೋಡಿ ಬೆಲ್ಲ ತಂದದ್ದಕ್ಕೆ ಸಾಹೇಬರು ಬೈದರು, ಚೆನ್ನಾಗಿಯೇ ಬೈದರು. ಆದರೆ ನಾಲ್ಕನೆಯ ಬ್ಯಾಚನ್ನು ನನ್ನ ತಳಿಗೇ ಕೊಟ್ಟರು.

ಹೊಸ ಬೆಲ್ಲ ಕೊಳ್ಳಲು ದುಡ್ಡಿರಲಿಲ್ಲ. ಇದ್ದ ಬೆಲ್ಲವನ್ನೇ ಸರಿಮಾಡುತ್ತೇನೆಂದು ಕಾಕಾ ಹೊರಟರು. ಅದರ ನೀರಿಗೆ ಲೆಕ್ಕ ಹಾಕಿ ಹುಳಿ, ಅಂದರೆ ಆಮ್ಲ, ಬೆರೆಸಿ, ಕುದಿಸಿ, ತಳದಿಂದ ಗಾಳಿ ಊದಿದರು. ಗಂಧಕದ ಘಾಟು ಎದ್ದು ಎಲ್ಲರೂ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದೆವು. ಎಷ್ಟು ಹುಳಿ, ಎಷ್ಟು ಹೊತ್ತು, ಎಷ್ಟು ಗಾಳಿ ಎಂಬುದನ್ನು ಎರಡು ದಿನ ಸಣ್ಣ ಪಾತ್ರೆಗಳಲ್ಲಿ ನೋಡಿ ನೋಡಿ ಕಂಡುಕೊಂಡದ್ದು ಅವರೇ. ನಾನು ಅಳತೆ ಮಾಡಿ ಬರೆದುಕೊಂಡೆ, ಅಷ್ಟೇ.

ಸಂಜೆ ಬ್ಯಾಚ್ ಹಾಕಿದೆವು. ಮರುದಿನ ಮಧ್ಯಾಹ್ನ ಇಪ್ಪತ್ತನೆಯ ತಾಸು ಬಂತು. ಹನ್ನೊಂದು ಜನರೂ ಟ್ಯಾಂಕಿನ ಸುತ್ತ ನಿಂತಿದ್ದೆವು, ಯಾರಿಗೂ ಪರದೆ ನೋಡುವ ಧೈರ್ಯವಿಲ್ಲ. ಕಾಕಾ ಅಂಗೈ ಒತ್ತಿದರು.

"ಉಣ್ಣಾಕತ್ತದ್ರಿ" ಎಂದರು. "ಗಬಗಬ ಉಣ್ಣಾಕತ್ತದ."

ನೊರೆ ಗಾಜಿನ ಕಿಂಡಿಯವರೆಗೆ ಏರಿತು. ಯಾರೋ ಖಾಲಿ ಡ್ರಮ್ಮಿನ ಮೇಲೆ ಗಣಪತಿ ಮೆರವಣಿಗೆಯ ತಾಳ ಬಾರಿಸಿದರು, ಸಾಹೇಬರು ಟೈ ಬಿಚ್ಚಿ ಕುಣಿದರು. ನಾನು ಗೋಡೆಗೆ ಮುಖ ಮಾಡಿ ಅತ್ತೆ. ನನ್ನ ಜೀವನದಲ್ಲಿ ಅಷ್ಟು ಸಂತೋಷ ಬೇರೆ ಯಾವತ್ತೂ ಆಗಿಲ್ಲ.

ಪರೀಕ್ಷೆಗಳೆಲ್ಲ ಮುಗಿದು ಸರ್ಕಾರದ ಅನುಮತಿ ಬರಲು ಮತ್ತೂ ಕಾಲ ಹಿಡಿಯಿತು. ಬಂದ ದಿನ ಮೊದಲ ಕಪ್ಪು ಚಹಾ ಕಾಕಾರಿಗೆ. "ಹಾಲ ಬ್ಯಾಡ, ಅದರಾಗೂ ಸಕ್ಕರಿ ಇರತದ, ಲೆಕ್ಕ ತಪ್ಪತದ" ಎಂದು ಕರಿ ಚಹಾ ಕೇಳಿ, ನಮ್ಮ ಸಿಹಿ ಹಾಕಿಸಿಕೊಂಡು ಕುಡಿದರು. ಒಂದು ತಾಸಿನ ನಂತರ ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರು. ಕ್ರಿಕೆಟ್ ಸ್ಕೋರಿಗೆ ಮುತ್ತಿದ ಹಾಗೆ ಎಲ್ಲರೂ ಆ ಪುಟ್ಟ ಯಂತ್ರಕ್ಕೆ ಮುತ್ತಿದೆವು. ಏರಿರಲಿಲ್ಲ. ಅವರು ಇನ್ನೊಂದು ಕಪ್ಪು ಕೇಳಿದರು.

ಈಗ ಚಾಕಣದಲ್ಲಿ ನಮ್ಮ ಮೂರು ದೊಡ್ಡ ಟ್ಯಾಂಕುಗಳು ನಡೆಯುತ್ತವೆ. ಮಾರುಕಟ್ಟೆಯ ಯಾವ ಬೆಲ್ಲ ಬಂದರೂ ಕಾಕಾರ ರೀತಿಯಲ್ಲೇ ಹದ ಮಾಡುತ್ತೇವೆ. ಆ ವಿಧಾನದ ಪೇಟೆಂಟಿಗೆ ಅರ್ಜಿ ಹಾಕಲು ಶಿವಾಜಿನಗರದ ವಕೀಲರ ಬಳಿ ಹೋದಾಗ ಅವರು ಸಂಶೋಧಕರ ವಿದ್ಯಾರ್ಹತೆ ಕೇಳಿದರು. "ಮ್ಯಾಟ್ರಿಕ್, ಅದೂ ಗಣಿತದಾಗ ನಾಪಾಸ್" ಎಂದು ಕಾಕಾ ಎದ್ದು ನಿಂತರು. "ಬಾಯಾರ ಹೆಸರ ಹಾಕ್ರಿ, ಸಾಕು." ನಾನು ಅವರ ಕೈ ಹಿಡಿದು ಕೂರಿಸಿದೆ. ಕಂಡುಹಿಡಿದದ್ದು ನೀವು, ನಿಮ್ಮ ಹೆಸರು ಮೊದಲಿರದೆ ನಾನು ಸುಳ್ಳು ಸಹಿ ಹಾಕುವುದಿಲ್ಲ ಎಂದೆ.

ಪೇಟೆಂಟ್ ಬಂತು, ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಇಲ್ಲಿ ಅವರನ್ನು ಕಾಕಾ ಎಂದಷ್ಟೇ ಬರೆದಿದ್ದೇನೆ, ನನಗೆ ಅಭ್ಯಾಸವಾದದ್ದು ಅದೇ. ಪೇಟೆಂಟಿನಲ್ಲಿ ಅವರ ಪೂರ್ತಿ ಹೆಸರಿದೆ, ಅಪ್ಪನ ಹೆಸರು ಸಮೇತ. ನನ್ನ ಹೆಸರು ಅದರ ಕೆಳಗಿದೆ.