ನಮಸ್ಕಾರವನ್ನರಿಯದ ಕೈಗಡಿಯಾರ

ರಕ್ತದಲ್ಲಿ ಸಕ್ಕರೆ ಏರಿದೆ, ದಿನವೂ ದೇಹಕ್ಕೆ ಶ್ರಮ ಕೊಡಬೇಕು ಎಂದು ವೈದ್ಯರು ಹೇಳಿದಾಗ ನಾನು ಒಳಗೊಳಗೇ ಹರ್ಷಪಟ್ಟೆ. ಮಾಳಿಗೆಯ ಮೆಟ್ಟಿಲ ಕೆಳಗೆ ಗೋಣಿತಾಟು ಹೊದ್ದು ನಿಂತಿದ್ದ ನನ್ನ ಹಳೆಯ ಸೈಕಲ್ಲನ್ನು ಹೊರಗೆ ತೆಗೆಯಲು ಇದಕ್ಕಿಂತ ಗೌರವಯುತವಾದ ನೆಪ ದೊರೆಯುವಂತಿರಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಕಲಿಸುತ್ತಿದ್ದಷ್ಟು ಕಾಲವೂ ಅದರ ಮೇಲೆಯೇ ಹೋಗಿಬರುತ್ತಿದ್ದೆ. ನಿವೃತ್ತನಾದ ಮೇಲೆ, ಈ ವಯಸ್ಸಿನಲ್ಲಿ ಬಿದ್ದರೆ ಎಲುಬು ಕೂಡುವುದಿಲ್ಲವೆಂದು ಮನೆಯವರು ಅದನ್ನು ಬಿಡಿಸಿದ್ದರು.

ನನ್ನ ಅಪೇಕ್ಷೆ ದೊಡ್ಡದಲ್ಲ. ಕರಜಗಿಯ ನಮ್ಮ ಮನೆಯಿಂದ ಮಣ್ಣೂರಿನ ಕಡೆಗೆ ಹೋಗುವ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ, ಹಿಂದಿನ ಕಾಲದ ಸ್ವಾಮಿಗಳೊಬ್ಬರ ಗದ್ದುಗೆಯಿದೆ. ಸೋಮವಾರ ಬೆಳಿಗ್ಗೆ ಅಲ್ಲಿಗೆ ಒಬ್ಬನೇ ಸೈಕಲ್ ತುಳಿದುಕೊಂಡು ಹೋಗಿ ದರ್ಶನ ಮಾಡಿ ಬರಬೇಕು. ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹೋದರೆ, ಅವರು ಹೊರಗೆ ನಿಂತು ಹಾರ್ನ್ ಬಾರಿಸುವಷ್ಟರಲ್ಲಿ ಭಕ್ತಿಯನ್ನು ಮುಗಿಸಬೇಕಾಗುತ್ತದೆ.

ಜೇವರ್ಗಿಯಲ್ಲಿ ನೌಕರಿ ಮಾಡುವ ಮಗ ಶನಿವಾರ ಮನೆಗೆ ಬಂದಾಗ ಒಂದು ಕೈಗಡಿಯಾರವನ್ನು ತಂದ.

"ಅಪ್ಪಾರ, ಇದನ್ನ ಕಟ್ಕೊಂಡ್ರ ಸೈಕಲ್. ಇಲ್ಲಂದ್ರ ಇಲ್ಲ. ನೀವು ಬಿದ್ರ ಇದಕ್ಕ ಗೊತ್ತಾಗ್ತದ. 'ಆರಾಮ ಅದೀರೇನು' ಅಂತ ಕೇಳ್ತದ. ನೀವು ಒತ್ತಿ ಹೇಳಲಿಲ್ಲಂದ್ರ ಮನಿಗೆ ಸುದ್ದಿ ಮುಟ್ಟಸ್ತದ."

"ಬೀಳೂದ ಗೊತ್ತಾದ್ರ ಏನ್ ಬಂತು? ಹಿಡ್ಯೂದು ಗೊತ್ತದೇನು?" ಎಂದಳು ನನ್ನ ಹೆಂಡತಿ. ಆಕೆಗೆ ಗಡಿಯಾರವೂ ಬೇಡ, ಸೈಕಲ್ಲೂ ಬೇಡ; ನಾನು ಪಡಸಾಲೆಯಲ್ಲೇ ಹಿಂದಕ್ಕೂ ಮುಂದಕ್ಕೂ ನಡೆದರೆ ಸಾಕು.

ಉಪಕರಣಗಳ ವಿಷಯದಲ್ಲಿ ನನಗೆ ದೃಢವಾದ ಅಭಿಪ್ರಾಯಗಳಿವೆ. ಅವನ್ನು ಕೇಳುವವರು ಮಾತ್ರ ಕಡಿಮೆ. ನನ್ನ ಹಳೆಯ ಗಡಿಯಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ಮರುದಿನದವರೆಗೆ ಸುಮ್ಮನೆ ಕೆಲಸ ಮಾಡುತ್ತಿತ್ತು. ಇದಕ್ಕೆ ಚಾರ್ಜ್ ಕೊಡದಿದ್ದರೆ ಹೊತ್ತು ಕೂಡ ಹೇಳುವುದಿಲ್ಲ. ರಬ್ಬರಿನ ಪಟ್ಟಿಯಿಂದ ಮಣಿಕಟ್ಟು ತುರಿಸುತ್ತದೆ. ಮಗ ಕಡ್ಡಾಯ ಮಾಡಿದ್ದ ಹೆಲ್ಮೆಟ್ ಇನ್ನೊಂದು ಸಮಸ್ಯೆ. ರುಮಾಲು ಸುತ್ತಿದ ತಲೆಯ ಮೇಲೆ ಅದು ಕೂಡುವುದಿಲ್ಲ. ರುಮಾಲಿಲ್ಲದೆ ಹೊರಗೆ ಹೋಗುವುದು ನನಗೆ ಕೂಡುವುದಿಲ್ಲ. ಕೊನೆಗೆ ರುಮಾಲನ್ನು ಚೀಲದಲ್ಲಿಟ್ಟುಕೊಂಡು, ಧೋತರ ಚೈನಿಗೆ ಸಿಕ್ಕೀತೆಂಬ ಭಯದಿಂದ ಮಗನ ಹಳೆಯ ಟ್ರ್ಯಾಕ್ ಪ್ಯಾಂಟನ್ನೂ ತೊಟ್ಟು, ಹಣೆಯ ತುಂಬ ವಿಭೂತಿ ಧರಿಸಿ, ಅದರ ಮೇಲೆ ಹೆಲ್ಮೆಟ್ ಇಟ್ಟು ಸೋಮವಾರ ಹೊರಟಾಗ ನಮ್ಮ ಓಣಿಯ ನಾಯಿಗಳು ನನ್ನನ್ನು ಪರಕೀಯನೆಂದೇ ಬಗೆದವು.

ಅದಕ್ಕೂ ಮೊದಲು ಇನ್ನೊಂದು ಪ್ರಸಂಗ ನಡೆದಿತ್ತು. ಗಡಿಯಾರ ಕಟ್ಟಿದ ಮೊದಲ ಬೆಳಿಗ್ಗೆ ಎಂದಿನಂತೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ದೃಷ್ಟಿಯನ್ನು ಅದರಲ್ಲಿ ನೆಟ್ಟು ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಅಂಗೈಯಲ್ಲಿ ಒಂದು ಸ್ಪಂದನವಾಯಿತು. ಮೈ ನವಿರೆದ್ದಿತು. ಬಾಲ್ಯದಿಂದ ತಪ್ಪದೆ ಮಾಡಿಕೊಂಡು ಬಂದ ಪೂಜೆಗೆ ಇಂದು ಉತ್ತರ ಬಂದಿತೆಂದು ಕಣ್ಣು ತುಂಬಿದವು. ಉಪಾಹಾರದ ವೇಳೆ ಆ ಸಂಗತಿಯನ್ನು ಹೆಂಡತಿಗೆ ಮೆಲ್ಲನೆ ತಿಳಿಸಿದೆ. ಆಕೆ ಕೈ ಮುಗಿದು, ವೈದ್ಯರ ಮಾತನ್ನು ಬದಿಗಿಟ್ಟು ನನ್ನ ರೊಟ್ಟಿಗೆ ಬೆಣ್ಣೆ ಹಚ್ಚಿದಳು.

ಮರುದಿನವೂ ಸ್ಪಂದನವಾಯಿತು. ಈ ಸಲ ಅದನ್ನು ಹೇಳುವಾಗ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಸೊಸೆಯೂ ಎದುರಿಗಿದ್ದಳು.

"ಮಾವಾರ, ಸಿಟ್ಟಾಗಬ್ಯಾಡ್ರಿ. ಅದು ಲಿಂಗದ್ದಲ್ರಿ, ವಾಚಿಂದ್ರಿ. ಭಾಳ ಹೊತ್ತು ಕುಂತ್ರ 'ಎದ್ದು ಅಡ್ಡಾಡ್ರಿ' ಅಂತ ನಡಗ್ತದ್ರಿ."

ಹೆಂಡತಿ ನನ್ನ ತಟ್ಟೆಯನ್ನೊಮ್ಮೆ ನೋಡಿದಳು. "ಹಂಗಿದ್ರ ನಿನ್ನಿ ಬೆಣ್ಣಿ ಸುಮ್ನ ಹೋತು."

ಅಂದೇ ಗಡಿಯಾರವನ್ನು ಬಲಗೈಗೆ ಬದಲಿಸಿದೆ.

ಆ ಸೋಮವಾರ ಎಲ್ಲಿಯೂ ಇಳಿಯದೆ, ಕಬ್ಬಿನ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟುಕೊಡುತ್ತ, ಕ್ಷೇಮವಾಗಿ ಗದ್ದುಗೆಯನ್ನು ತಲುಪಿದೆ. ಅಲ್ಲಿ ನನಗೊಂದು ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ವಾರಿಗೆಯವರು ನಮಸ್ಕರಿಸುವಾಗ ಗೋಡೆ ಹಿಡಿದು, ಮಂಡಿಯೂರಿ, ನರಳಿ ಬಾಗುತ್ತಾರೆ. ನಾನು ಮಾತ್ರ ಕಡಿದ ಮರದಂತೆ ಒಮ್ಮೆಲೇ ನೆಲಕ್ಕೊರಗಿ ದೀರ್ಘದಂಡ ಹಾಕುತ್ತೇನೆ. ಅಂದೂ ಹಾಗೆಯೇ ಮಾಡಿದೆ. ಕನ್ನಡಕವನ್ನು ತೆಗೆದು ಮೆಟ್ಟಿಲ ಮೇಲಿಟ್ಟಿದ್ದೆ; ಮೊಬೈಲು ಹೊರಗೆ ಸೈಕಲ್ಲಿನ ಚೀಲದಲ್ಲಿತ್ತು.

ಒರಗಿದ ಕೂಡಲೇ ಗಡಿಯಾರ ನಡುಗಿ ಕೂಗತೊಡಗಿತು. ಎದ್ದು ಅಡ್ಡಾಡು ಎಂದು ಇಲ್ಲಿಯೂ ಆಜ್ಞಾಪಿಸುತ್ತಿದೆ ಎಂದುಕೊಂಡೆ. ಗುರುವಿನ ಸನ್ನಿಧಿಯಲ್ಲಿ ಯಾರ ಮಾತು ನಡೆಯುತ್ತದೆಂಬುದನ್ನು ಅದಕ್ಕೆ ತಿಳಿಸಲೇಬೇಕೆಂದು, ಮಲಗಿದಲ್ಲಿಯೇ ಎಂದಿಗಿಂತ ದೀರ್ಘವಾದ ಜಪವನ್ನು ಆರಂಭಿಸಿದೆ. ಹೊರಗೆ ಮೊಬೈಲು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಅದಕ್ಕೂ ನಾನು ಅಲುಗಲಿಲ್ಲ.

ಇನ್ನೇನು ಜಪ ಮುಗಿಯಬೇಕು, ಬಾಡಿಗೆಯ ಟಂಟಂ ಆಟೋ ಒಂದು ಗಡಗಡಿಸುತ್ತ ಬಂದು ನಿಂತ ಸದ್ದಾಯಿತು. ಯಾರೋ ಯಾತ್ರಿಕರು ಬಂದಿರಬೇಕು. ಬಂದವರು ನನ್ನ ತಲ್ಲೀನತೆಯನ್ನು ತುಸು ಕಣ್ತುಂಬಿಸಿಕೊಳ್ಳಲಿ ಎಂದು ಇನ್ನಷ್ಟು ನಿಶ್ಚಲನಾದೆ.

"ಅಯ್ಯೋ ಶಿವನೇ! ರೀ! ಏಳ್ರೀ!"

ನನ್ನ ಹೆಂಡತಿಯ ಧ್ವನಿ. ಮರುಕ್ಷಣವೇ ಜೋಳದ ಹಿಟ್ಟು ಮೆತ್ತಿದ ಎರಡು ಕೈಗಳು ನನ್ನ ಹೆಗಲನ್ನು ಹಿಡಿದು ಅಲುಗಿಸಿದವು. ನಾನು ಮುಖವನ್ನಷ್ಟೇ ಹೊರಳಿಸಿ, ಗಂಭೀರವಾಗಿ, "ಜಪ ನಡದದ," ಎಂದೆ.

ಕೈಗಳು ನಿಂತವು. ಬಾಗಿಲಲ್ಲಿದ್ದ ಟಂಟಂ ಚಾಲಕ, "ಯಜಮಾನ್ರು ಗಟ್ಟಿ ಅದಾರ್ರೀ ಅವ್ವಾರ. ನಾ ಸುಮ್ನ ದಾರ್ಯಾಗಿನ ಎಮ್ಮಿಗೋಳ್ನ ಬೆದರಿಸ್ಕೋತ ಜೋರ್ ಬಂದೆ," ಎಂದು ಬೀಡಿ ಹಚ್ಚಲು ಹೊರಗೆ ಹೋದ. ಹೆಂಡತಿ ನೆಲದ ಮೇಲೆಯೇ ಕುಸಿದು ಕುಳಿತು ಅತ್ತಳು. ಅಳು ಮುಗಿದ ಮೇಲೆ ಮಾತು ಬಂತು.

"ದಾರಿ ತುಂಬ ನಾ ಏನ್ ಹರಕಿ ಹೊತ್ತೇನಿ ಗೊತ್ತದೇನ್ರಿ ನಿಮಗ? ಇವರು ಜೀವಂತ ಸಿಗಲಿ, ಸೈಕಲ್ ಮಾರಿ ಗದ್ದುಗಿಗೆ ಗಂಟಿ ಕೊಡಸ್ತೇನಿ ಅಂದೇನಿ."

ಮಗನೊಡನೆ ವಾದಿಸಬಹುದು, ವೈದ್ಯರೊಡನೆ ವಾದಿಸಬಹುದು. ಗದ್ದುಗೆಗೆ ಹೊತ್ತ ಹರಕೆಯೊಡನೆ, ಅದೂ ಗದ್ದುಗೆಯ ಎದುರಿಗೇ ನಿಂತು, ನಾನು ಹೇಗೆ ವಾದಿಸಲಿ? ಆಯುಷ್ಯವೆಲ್ಲ ಊರಿಗೆ ಶ್ರದ್ಧೆಯನ್ನು ಬೋಧಿಸಿದವನು ನಾನೇ.

ಜೊತೆಗೆ ಬಂದಿದ್ದ ಸೊಸೆ ನನ್ನ ಕನ್ನಡಕವನ್ನು ಸೆರಗಿನಿಂದ ಒರೆಸಿ ಕೊಡುತ್ತ, "ಅತ್ತ್ಯಾರ, ಮಾವಾರು ಬಿದ್ದೇ ಇಲ್ಲಲ್ರಿ. ಬೀಳದವರ ಸಲುವಾಗಿ ಹೊತ್ತ ಹರಕಿ ಲೆಕ್ಕಕ್ಕ ಬರ್ತದೇನ್ರಿ?" ಎಂದಳು.

ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. ನಾನು ಕೂಡಲೇ ಗಂಟಲು ಸರಿಪಡಿಸಿಕೊಂಡು, ನಿಮಿತ್ತವೇ ಇಲ್ಲದಿರುವಲ್ಲಿ ಅದನ್ನು ಅವಲಂಬಿಸಿದ ಸಂಕಲ್ಪವು ಹೇಗೆ ನಿಲ್ಲುವುದಿಲ್ಲ ಎಂಬುದನ್ನು ವಿವರಿಸತೊಡಗಿದೆ.

"ಶಾಸ್ತ್ರ ನಿಮ್ಮ ಹುಡುಗರಿಗಿ ಹೇಳ್ರಿ," ಎಂದಳು ಹೆಂಡತಿ. "ಎದಿ ಒಡದದ್ದು ನಂದು. ಗಂಟಿ ಕೊಡೂದು ಕೊಡೂದೇ."

"ಗಂಟಿ ಕೊಡೂಣು. ಹೊಸಾದೇ ಕೊಡೂಣು," ಎಂದೆ. "ಸೈಕಲ್ ಮಾತ್ರ..."

ಆಕೆ ನನ್ನ ಟ್ರ್ಯಾಕ್ ಪ್ಯಾಂಟಿನ ಮಂಡಿಗೆ ಹತ್ತಿದ ಧೂಳನ್ನು ಕೊಡವಿದಳು. "ಇನ್ಮ್ಯಾಲ ಹಂಗ ಧೊಪ್ಪಂತ ಬೀಳೂದು ಬಂದ್. ಎಲ್ಲಾರ್ಗತೆ ಗ್ವಾಡಿ ಹಿಡದು, ಮಣಕಾಲೂರಿ, ಸಾವಕಾಶ. ಅದಕ್ಕ ಒಪ್ಪಿದ್ರ ಸೈಕಲ್ ಇರ್ಲಿ."

ಮಾನವೋ ಸೈಕಲ್ಲೋ ಎಂದು ನಾನು ಯೋಚಿಸಿದ್ದು ಅತ್ಯಲ್ಪ ಕಾಲ.

ಆ ವಾರವೆಲ್ಲ ಪಡಸಾಲೆಯಲ್ಲಿ ನನಗೆ ಪಾಠ ನಡೆಯಿತು. ಸೊಸೆ ಕಲಿಸುವವಳು, ಹೆಂಡತಿ ಪರೀಕ್ಷಿಸುವವಳು. ಮೊದಲು ಬಲ ಮಂಡಿ, ಬಳಿಕ ಎಡ ಮಂಡಿ, ಅಂಗೈಗಳು, ಕೊನೆಗೆ ಹಣೆ. ಅವಸರಪಟ್ಟಾಗಲೆಲ್ಲ ಗಡಿಯಾರ ಕೂಗುತ್ತಿತ್ತು. "ಫೇಲ್," ಎನ್ನುತ್ತಿದ್ದಳು ಹೆಂಡತಿ. ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ನಾನು ಚಾಪೆಯ ಮೇಲೆ ಮತ್ತೆ ಮತ್ತೆ ಏಳುತ್ತ ಬಾಗುತ್ತ ಬೆವೆತೆ. ವೈದ್ಯರು ಹೇಳಿದ ದೇಹಶ್ರಮ ನಿಜವಾಗಿ ನಡೆದದ್ದು ಆ ವಾರದಲ್ಲಿಯೇ.

ಮುಂದಿನ ಸೋಮವಾರ, ಅಫಜಲಪುರದಿಂದ ತರಿಸಿದ ಹಿತ್ತಾಳೆಯ ಗಂಟೆಯನ್ನು ಚೀಲದಲ್ಲಿಟ್ಟುಕೊಂಡು ಸೈಕಲ್ಲಿನ ಮೇಲೆಯೇ ಹೋದೆ. ಗಂಟೆಯನ್ನು ಕಟ್ಟಿಸಿ, ಗೋಡೆ ಹಿಡಿದು, ಮಂಡಿಯೂರಿ, ಸಾವಕಾಶವಾಗಿ ಮೈ ಚಾಚಿದೆ. ಗಡಿಯಾರ ತುಟಿ ಬಿಚ್ಚಲಿಲ್ಲ. ಆದರೆ ಈ ಸಲ ಅಂಗಿಯ ಕಿಸೆಯಲ್ಲಿಯೇ ಇಟ್ಟುಕೊಂಡಿದ್ದ ಮೊಬೈಲು ಬಾರಿಸಿತು.

"ನಿಮ್ಮ ಚುಕ್ಕಿ ನಿಂತಲ್ಲೇ ನಿಂತದಲ್ರಿ," ಎಂದಳು ಹೆಂಡತಿ. ನಾನೆಲ್ಲಿರುವೆನೆಂಬುದನ್ನು ಮೊಬೈಲಿನ ನಕ್ಷೆಯ ಚುಕ್ಕಿಯಲ್ಲಿ ನೋಡುವುದನ್ನು ಸೊಸೆ ಆಕೆಗೆ ಕಲಿಸಿಬಿಟ್ಟಿದ್ದಳು. "ಏನ್ ಮಾಡಾಕತ್ತೀರಿ?"

"ನಮಸ್ಕಾರ ಮಾಡಾಕತ್ತೇನಿ."

"ಖರೇನ? ಗಂಟಿ ಬಾರ್ಸ್ರಿ, ಕೇಳ್ತೇನಿ."

ಎಡ ಮಂಡಿ, ಬಲ ಮಂಡಿ, ಗೋಡೆ ಎಂದು ಕ್ರಮವಾಗಿ ಎದ್ದು, ಮೊಬೈಲನ್ನು ಮೇಲಕ್ಕೆ ಹಿಡಿದು ಗಂಟೆ ಬಾರಿಸಿದೆ.

"ಇನ್ನೊಮ್ಮಿ," ಎಂದಳು.