ಹುಳುಮನೆಯಲ್ಲಿ ಕೇಳಿದ ರಾಕ್ ಆಲ್ಬಮ್‌ಗಳು

ಹಳೆಯ ರಾಕ್ ಆಲ್ಬಮ್‌ಗಳಲ್ಲಿ ನಿಮಗಿಷ್ಟವಾದ ಐದನ್ನು ಸಾಲಾಗಿ ಹೇಳಿ ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ಮಾಲೂರಿನ ಕಾರ್ಖಾನೆಯಲ್ಲಿ ನನ್ನ ಜೊತೆ ಲೆಕ್ಕಪತ್ರ ನೋಡುವ ಹುಡುಗರಿಗೆ ಊಟದ ಹೊತ್ತಿನಲ್ಲಿ ಇದೇ ಆಟ. ಒಬ್ಬ ಒಂದು ಬ್ಯಾಂಡಿನ ಹೆಸರು ಹೇಳಿದರೆ ಇನ್ನೊಬ್ಬ, "ಥೂ, ಅದೂ ಒಂದು ಆಲ್ಬಮ್ಮೇನೋ" ಅನ್ನುತ್ತಾನೆ. ನಾನು ತಲೆ ತಗ್ಗಿಸಿ ಚಿತ್ರಾನ್ನ ತಿನ್ನುತ್ತಿರುತ್ತೇನೆ. ಪಾಪ, ನಮ್ಮ ಸಾರ್‌ಗೆ ಅದೆಲ್ಲ ಎಲ್ಲಿ ಗೊತ್ತು ಎಂದು ಹುಡುಗರು ಅಂದುಕೊಂಡಿದ್ದಾರೆ. ಗೊತ್ತು ಕಣ್ರಯ್ಯಾ, ಚೆನ್ನಾಗಿಯೇ ಗೊತ್ತು. ನನಗೂ ಒಂದು ಪಟ್ಟಿಯಿದೆ, ನಿಮಗಿಂತ ಹಳೆಯದು. ಹೇಳಲು ನಾಚಿಕೆ, ಅಷ್ಟೆ.

ನಮ್ಮದು ಹುತ್ತೂರು ಹೋಬಳಿಯ ಒಂದು ಹಳ್ಳಿ. ರೇಷ್ಮೆ ಹುಳು ಸಾಕುತ್ತಿದ್ದೆವು. ತೊಂಬತ್ತರ ದಶಕದ ಆರಂಭದಲ್ಲಿ, ನಾನು ಪಿಯುಸಿಗೆ ಸೇರಿದ ಹೊಸತರಲ್ಲಿ, ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಸೋದರಮಾವ ಒಂದು ಟೇಪ್ ರೆಕಾರ್ಡರನ್ನೂ ಬಿಸ್ಕತ್ತಿನ ಡಬ್ಬಿ ತುಂಬ ಕ್ಯಾಸೆಟ್ಟುಗಳನ್ನೂ ತಂದುಕೊಟ್ಟರು. ಅವರ ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಕುಟುಂಬ ಊರು ಬಿಡುವಾಗ ಕೊಟ್ಟುಹೋದದ್ದಂತೆ. ಎಲ್ಲವೂ ಮನೆಯಲ್ಲೇ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟುಗಳು. ಮೇಲೆ ಹೆಸರಿಲ್ಲ, ಚಿತ್ರವಿಲ್ಲ. "ಬೇಡ ಅನ್ಸಿದ್ರೆ ಮೇಲೆ ದೇವರನಾಮ ತುಂಬಿಸ್ಕೊಳಿ" ಎಂದು ಹೇಳಿ ಮಾವ ಕಾಫಿ ಕುಡಿದು ಹೊರಟುಹೋದರು. ಯಾರೂ ತುಂಬಿಸಿಕೊಳ್ಳಲಿಲ್ಲ.

ಕೇಳುತ್ತಿದ್ದದ್ದು ಹುಳುಮನೆಯಲ್ಲಿ, ನಾನು ಮತ್ತು ಅಮ್ಮ. ಅಲ್ಲಿಗೆ ಕರೆಂಟಿನ ತಂತಿ ಎಳೆದಿರಲಿಲ್ಲ. ಟೇಪ್ ರೆಕಾರ್ಡರಿಗೆ ಸೆಲ್ ಹಾಕಬೇಕು. ಹೊಸ ಸೆಲ್ ತರುವ ರೂಢಿ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಟಾರ್ಚಿನಲ್ಲಿ ಸವೆದದ್ದನ್ನು ಅಮ್ಮ ಹಪ್ಪಳದ ಜೊತೆ ಚಾವಣಿಯ ಮೇಲೆ ಬಿಸಿಲಿಗಿಟ್ಟು, ಬೆಚ್ಚಗಾದ ಮೇಲೆ ಸೆರಗಿನಲ್ಲಿ ಒರೆಸಿ ಕೊಡುತ್ತಿದ್ದಳು. ಅದರಲ್ಲಿ ಟೇಪು ಓಡುತ್ತಿತ್ತು. ಓಡುತ್ತಿತ್ತು ಅನ್ನುವುದಕ್ಕಿಂತ ನಡೆಯುತ್ತಿತ್ತು ಅನ್ನಬೇಕು. ಅರ್ಧ ಸತ್ತ ಸೆಲ್ಲಿನಲ್ಲಿ ಕ್ಯಾಸೆಟ್ಟು ನಿಧಾನವಾಗಿ ಸುತ್ತುತ್ತದೆ, ನಿಧಾನವಾಗಿ ಸುತ್ತಿದರೆ ದನಿ ದಪ್ಪಗಾಗುತ್ತದೆ. ಇದು ನನಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಇಂಗ್ಲಿಷರ ಹಾಡು ಅಂದರೆ ಹೀಗೇ ಇರುತ್ತದೆ, ತೂಕವಾಗಿ, ಯಾವ ಅವಸರವೂ ಇಲ್ಲದೆ, ಎಂದು ನಾವಿಬ್ಬರೂ ನಂಬಿದ್ದೆವು.

ಕ್ಯಾಸೆಟ್ಟುಗಳಿಗೆ ಹೆಸರಿಟ್ಟವಳು ಅಮ್ಮ. ಅವಳ ತವರು ಶ್ರೀನಿವಾಸಪುರದ ಕಡೆ, ಮಾತಿನಲ್ಲಿ ಅರ್ಧ ತೆಲುಗು. ಹಾಡನ್ನು ಅವಳು ಪಾಟ ಎಂದೇ ಅನ್ನುತ್ತಿದ್ದಳು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಕಳೆದು, ದೊಡ್ಡದಾಗಿ, ಮೇವು ಬಿಟ್ಟು ಹಣ್ಣಾಗಿ, ಆಮೇಲೆ ಗೂಡು ಕಟ್ಟುತ್ತದೆ. ಅಮ್ಮನ ಹೆಸರುಗಳೆಲ್ಲ ಅದರ ಮೇಲೆಯೇ. "ಲೇ ನಾಯನಾ, ಆ ಮೊದಲ್ನೇ ಜ್ವರದ ಪಾಟ ಹಾಕೋ" ಅಂದರೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕತ್ತರಿಸುವ ದಿನಗಳಿಗೆ ಹೊಂದುವ ಕ್ಯಾಸೆಟ್ಟು. ಕತ್ತಿಯ ಸದ್ದಿಗೆ ಅದರ ತಾಳ ಸರಿಯಾಗಿ ಕೂರುತ್ತಿತ್ತು.

ಆ ಮೊದಲನೇ ಜ್ವರದ್ದು ನನ್ನ ಪಟ್ಟಿಯಲ್ಲಿ ಐದನೆಯದು. ಗಿಟಾರು ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ನಾಲ್ಕನೆಯದನ್ನು ಬಿಡಿ. ಅದರ ಅರ್ಧ ಸುರುಳಿ ಟೇಪಿಗೆ ಸಿಕ್ಕಿ ಹರಿದುಹೋಯಿತು, ಅರ್ಧ ಆಲ್ಬಮ್ಮಿಗೆ ಅಷ್ಟು ಮರ್ಯಾದೆ ಸಾಕು. ಮೂರನೆಯದರಲ್ಲಿ ಕೊಳಲು ಬರುತ್ತಿತ್ತು, ಜೊತೆಗೆ ಕೊಳಲಿನವನು ಉಸಿರು ಎಳೆದುಕೊಳ್ಳುವ ಸದ್ದು. "ಅವನಿಗೆ ಗೂರಲು ಇರ್ಬೇಕು ಪಾಪ, ಆದ್ರೂ ಬಿಡಲ್ಲ ನೋಡು" ಅನ್ನುತ್ತಿದ್ದಳು ಅಮ್ಮ. ಎರಡನೆಯದು ಒಂದು ಬದಿ ಪೂರ್ತಿ ಒಂದೇ ಹಾಡು. ನಾಲ್ಕನೇ ಜ್ವರ ಎದ್ದ ಹುಳು ಎಷ್ಟು ಹಾಕಿದರೂ ಮೇಯುತ್ತದೆ. ಆ ಹಾಡು ಮುಗಿಯುವಷ್ಟರಲ್ಲಿ ಒಂದು ಸಾಲು ತಟ್ಟೆಗಳಿಗೆಲ್ಲ ಸೊಪ್ಪು ಹಾಕಿ ಆಗುತ್ತಿತ್ತು.

ಮೊದಲನೆಯದನ್ನು ಅಮ್ಮ ಹಣ್ಣುಹುಳದ ಪಾಟ ಅನ್ನುತ್ತಿದ್ದಳು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುವ ದಿನ ಅದನ್ನೇ ಹಾಕಬೇಕು, ಬೇರೆ ಹಾಕಿದರೆ ಸಿಟ್ಟು. ಅದರಲ್ಲೊಂದು ಹಾಡು. ದಪ್ಪ ದನಿಯ ಗಂಡಸೊಬ್ಬ ಯಾರನ್ನೋ ಸಮಾಧಾನ ಮಾಡುತ್ತಿರುವಂತೆ ಹಾಡುತ್ತಾ ಹೋಗಿ, ಒಂದು ಕಡೆ ಮೆಲ್ಲಗೆ ಮೇಲಕ್ಕೆ ಏರುತ್ತಾನೆ. ಅಲ್ಲಿಗೆ ಬಂದಾಗ ಅಮ್ಮ ಕೈಯಲ್ಲಿ ಹುಳು ಹಿಡಿದುಕೊಂಡೇ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದಳು. ನಾನೂ ಅವನ ಜೊತೆ ಹಾಡುತ್ತಿದ್ದೆ. ಮಾತು ಅರ್ಥವಾಗುತ್ತಿರಲಿಲ್ಲ, ಕೇಳಿಸಿದಂತೆ ಹಾಡುತ್ತಿದ್ದೆ. ನನ್ನ ಗಂಟಲಿಗೆ ಆ ದನಿ ಹೊಲಿಸಿದ ಅಂಗಿಯ ಹಾಗೆ ಕೂರುತ್ತಿತ್ತು. ಡಿಗ್ರಿ ಮುಗಿಸುವಷ್ಟರಲ್ಲಿ ನಾನೊಬ್ಬ ಗಾಯಕನೆಂದು ಗಟ್ಟಿಯಾಗಿ ನಂಬಿಕೊಂಡಿದ್ದೆ.

ಡಿಗ್ರಿ ಮುಗಿದ ವರ್ಷ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಗಣೇಶನ ಹಬ್ಬಕ್ಕೆ, ಕಾಲೇಜ್ ಡೇಗೆ ಹಾಡುವ ಆರ್ಕೆಸ್ಟ್ರಾ ಒಂದಕ್ಕೆ ಇಂಗ್ಲಿಷ್ ಹಾಡು ಹಾಡುವ ಹುಡುಗ ಬೇಕಾಗಿದ್ದ. ಅದನ್ನು ಓದಿ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸ್ಟೇಜು, ಮೈಕು, ಮುಳಬಾಗಿಲಿನಿಂದ ಮಾಲೂರಿನವರೆಗೆ ಎಲ್ಲ ಕಾಲೇಜಿನ ಹುಡುಗಿಯರು. ಜೀವನದಲ್ಲಿ ಅಷ್ಟು ಆಸೆಪಟ್ಟು ಬೇರೇನನ್ನೂ ಕೇಳಿಕೊಂಡಿಲ್ಲ. ಅಮ್ಮನಿಗೆ ಹೇಳಿದೆ. ಅವಳು, "ನಾನೂ ಬರ್ತೀನಿ ಕಣೋ" ಅಂದಳು.

"ನೀನ್ಯಾಕಮ್ಮ ಅಲ್ಲಿಗೆ?"

"ಡಬ್ಬೀಲಿ ಕೇಳಿದ್ದಾಯ್ತು. ಮನುಷ್ಯರು ಕೂತು ಬಾರಿಸೋದು ನೋಡ್ಬೇಕು. ಮೂಲೇಲಿ ಕೂತ್ಕೊಂಡಿರ್ತೀನಿ, ನಿಂಗೇನು ಭಾರ?"

ಹಬ್ಬಕ್ಕೆ ಉಡುವ ಕೆಂಪು ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಬಂದಳು. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯಲ್ಲಿ ಆರ್ಕೆಸ್ಟ್ರಾದವರು ಸೇರಿದ್ದರು. ಕೀಬೋರ್ಡ್ ನುಡಿಸುವವರೇ ಯಜಮಾನರು, ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಒಬ್ಬ ಗಿಟಾರಿನವನು, ಒಬ್ಬ ಡ್ರಮ್ಮಿನವನು, ನನ್ನ ಹಾಗೆಯೇ ಹಾಡಲು ಬಂದು ಬೆಂಚಿನ ಮೇಲೆ ಕಾಯುತ್ತಿದ್ದ ಕೋಲಾರದ ಹುಡುಗರು. ಯಾವ ಹಾಡು ಎಂದು ಮೇಷ್ಟ್ರು ಕೇಳಿದರು. ಹೆಸರು ಗೊತ್ತಿದ್ದರೆ ತಾನೆ? ಹಣ್ಣುಹುಳದ ಪಾಟ ಅನ್ನಲೇ? ಮೆಲ್ಲಗೆ ರಾಗ ಗುನುಗಿದೆ. ಗಿಟಾರಿನವನು ಹುಬ್ಬು ಗಂಟಿಕ್ಕಿ ಕೇಳಿ, ಆಮೇಲೆ "ಓ, ಅದಾ!" ಎಂದು ನಕ್ಕು ಶುರು ಮಾಡಿಯೇಬಿಟ್ಟ.

ಅಯ್ಯೋ, ಅದನ್ನು ಹೇಗೆ ಹೇಳಲಿ. ಬಸ್ಸು ತಪ್ಪಿಹೋಗುತ್ತದೆ ಎಂದು ಓಡುವವರ ಹಾಗೆ ಬಾರಿಸಿದರು. ಶ್ರುತಿ ಎಲ್ಲೋ ಮೇಲಿತ್ತು. ನಾನು ಬಾಯಿ ತೆರೆದಾಗ ಹಾಡು ಆಗಲೇ ಮುಂದೆ ಹೋಗಿತ್ತು. ಹಿಂದೆ ಬಿದ್ದು ಹಿಡಿಯಲು ಹೋದೆ, ಗಂಟಲು ಒಡೆದು ಕೀಚಲು ಸದ್ದು ಬಂತು. ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು. ಮತ್ತೊಮ್ಮೆ ಶುರು ಮಾಡಿದರು, ಮತ್ತೆ ಅದೇ ಕಥೆ. ನನ್ನ ಕೆಟ್ಟ ಸಿಟ್ಟು ಆಗ ನೆತ್ತಿಗೇರಿತು.

"ಸಾರ್, ನೀವು ತಪ್ಪು ಬಾರಿಸ್ತಿದ್ದೀರಿ. ಒರಿಜಿನಲ್ಲು ಇಷ್ಟು ಸ್ಪೀಡ್ ಇಲ್ಲ. ನಾನು ವರ್ಷಗಟ್ಲೆ ಕೇಳಿದೀನಿ."

ಗಿಟಾರಿನವನು ಚೀಲದಿಂದ ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟು ತೆಗೆದು, ಗೋಡೆಯ ಕರೆಂಟಿಗೆ ಹಾಕಿದ್ದ ಡೆಕ್ಕಿನಲ್ಲಿಟ್ಟು ಗುಂಡಿ ಒತ್ತಿದ. ನಮ್ಮ ಹುಳುಮನೆಯ ಆ ದಪ್ಪ ದನಿಯ ಗಂಡಸು ಇಪ್ಪತ್ತರ ಹುಡುಗನಾಗಿ, ತೆಳ್ಳಗೆ, ಚುರುಕಾಗಿ, ಕುಣಿಯುತ್ತಾ ಹಾಡಿದ. "ಏನ್ಲಾ ಗುರು, ನಿಮ್ಮೂರಲ್ಲಿ ಎತ್ತಿನ ಗಾಡಿ ಮೇಲೆ ಟೇಪ್ ಓಡ್ಸ್ತಾರಾ?" ಎಂದ ಡ್ರಮ್ಮಿನವನು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಮೂಲೆಯಿಂದ ಅಮ್ಮ ಎದ್ದಳು.

"ಇದಲ್ಲ ಸಾಮಿ. ನಮ್ಮ ಪಾಟ ಬೇರೆ. ಒಂದಿಷ್ಟು ನಿಧಾನಕ್ಕೆ ಬಾರಿಸ್ರಪ್ಪಾ, ನಮ್ಮ ಹುಡುಗ ಚೆನ್ನಾಗಿ ಹಾಡ್ತಾನೆ. ಹೀಗೆ ನೋಡಿ" ಎಂದವಳೇ, ಸೊಪ್ಪು ಕತ್ತರಿಸುವ ತಾಳವನ್ನು ತೊಡೆಯ ಮೇಲೆ ತಟ್ಟುತ್ತಾ ಹಾಡತೊಡಗಿದಳು. ಇಂಗ್ಲಿಷೂ ಅಲ್ಲ, ತೆಲುಗೂ ಅಲ್ಲ, ಬಾಯಿಗೆ ಬಂದ ಸದ್ದು. ರಾಗ ಮಾತ್ರ ಅದೇ, ನಮ್ಮ ಹುಳುಮನೆಯದು. ಯಾರೋ ಬಾಯಿ ಮುಚ್ಚಿಕೊಂಡು ನಕ್ಕರು. ಮೇಷ್ಟ್ರು ಮಾತ್ರ ಕೈಯೆತ್ತಿ ಅವರನ್ನು ಸುಮ್ಮನಾಗಿಸಿ, ಕೀಬೋರ್ಡಿನ ಮೇಲೆ ಒಂದೊಂದೇ ಬೆರಳಿಟ್ಟು ಅವಳ ಹಿಂದೆ ಹೋಗುತ್ತಿದ್ದರು. ಅಮ್ಮನಿಗೆ ಯಾವುದರ ಪರಿವೆಯೂ ಇರಲಿಲ್ಲ. ರಾಗ ಮೇಲೇರುವ ಜಾಗಕ್ಕೆ ಬಂದು ಕಣ್ಣು ಮುಚ್ಚಿದಳು.

ಈಗ ನಾನು ಹಾಡನ್ನು ಎತ್ತಿಕೊಳ್ಳಲಿ ಎಂದೋ ಏನೋ, ಕಣ್ಣು ತೆರೆದು ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ ನನಗೆ ಕಾಣಲಿಲ್ಲ, ಅವಳಿಗೆ ಕಂಡಿತು. ಸಾಲಿನ ನಡುವೆ ನಿಲ್ಲಿಸಿಬಿಟ್ಟಳು. ತೊಡೆಯ ಮೇಲಿದ್ದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, "ಇಷ್ಟೇ ನಂಗೆ ಬರೋದು" ಎಂದು ಕೂತಳು. ಮೇಷ್ಟ್ರು, "ಚೆನ್ನಾಗಿತ್ತಮ್ಮಾ" ಅಂದರು. ನನಗೆ, "ಹೇಳಿ ಕಳಿಸ್ತೀವಿ" ಅಂದರು. ಹೇಳಿ ಕಳಿಸಲಿಲ್ಲ.

ಬಸ್ಸಿನಲ್ಲಿ, ಊರು ಹತ್ತಿರ ಬರುವಾಗ ಅಮ್ಮ, "ನನ್ನಿಂದ ಕೆಟ್ಟೋಯ್ತೇನೋ ನಾಯನಾ?" ಎಂದು ಕೇಳಿದಳು. ಇಲ್ಲಮ್ಮ ಅನ್ನಲು ಎಷ್ಟು ಹೊತ್ತು ಬೇಕು? ನಾನು ಕಿಟಕಿಯ ಕಡೆ ತಿರುಗಿ ಕೂತೆ. ಮುಂದಿನ ಬೆಳೆ ಬಂತು, ಹುಳು ಹಣ್ಣಾಯಿತು, ಟೇಪ್ ಹಾಕಲು ಹೋದೆ. "ಬೇಡ ಬಿಡೋ, ಹುಳಕ್ಕೆ ಸದ್ದು ಆಗಲ್ಲ" ಅಂದಳು. ಅಷ್ಟು ವರ್ಷ ಆಗುತ್ತಿದ್ದದ್ದು ಈಗ ಯಾಕೆ ಆಗಲ್ಲ ಎಂದು ನಾನು ಕೇಳಲಿಲ್ಲ. ಇಬ್ಬರೂ ಹಾಡಿಲ್ಲದೆ ಹುಳು ಆರಿಸಿದೆವು.

ಆಮೇಲೆ ಮಾಲೂರಿನಲ್ಲಿ ಕೆಲಸವಾಯಿತು, ಮದುವೆಯಾಯಿತು. ಸೀಡಿ ಬಂದ ಕಾಲಕ್ಕೆ ಒಂದು ಒಳ್ಳೆಯ ಪ್ಲೇಯರ್ ಕೊಂಡೆ. ಅಂಗಡಿಗಳಲ್ಲಿ ರಾಗ ಗುನುಗಿ ಹೆಸರು ತಿಳಿದುಕೊಂಡು, ಆ ಐದೂ ಆಲ್ಬಮ್‌ಗಳನ್ನು ಹುಡುಕಿ ತಂದು, ಇರಬೇಕಾದ ವೇಗದಲ್ಲಿ ಕೇಳಿದೆ. ನಿಜ ಹೇಳುತ್ತೇನೆ, ಒಂದೂ ಹಿಡಿಸಲಿಲ್ಲ. ಎಲ್ಲರಿಗೂ ಏನೋ ಅವಸರ. ಕಾರ್ಖಾನೆಯ ಹುಡುಗರ ಮುಂದೆ ನಾನು ಬಾಯಿ ಬಿಡದಿರುವುದಕ್ಕೆ ಇದೂ ಒಂದು ಕಾರಣ. ನನ್ನ ಪಟ್ಟಿಯಲ್ಲಿರುವ ಆಲ್ಬಮ್‌ಗಳನ್ನು ಆ ಬ್ಯಾಂಡಿನವರು ಮಾಡಿಯೇ ಇಲ್ಲ.

ಕಳೆದ ಯುಗಾದಿಗೆ ಅಮ್ಮ ನಮ್ಮ ಮನೆಗೆ ಬಂದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, "ಅಮ್ಮಾ, ಹಣ್ಣುಹುಳದ ಪಾಟ ಹಾಕ್ತೀನಿ, ಕೇಳು" ಅಂದೆ. ಆ ಹೆಸರು ನನ್ನ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತೋ. ಅವಳು ಬೇಡ ಅನ್ನಲಿಲ್ಲ. ಸೀಡಿಯಲ್ಲಿ ಹಾಡು ಅದೇ ಅವಸರದಲ್ಲಿ ಶುರುವಾಯಿತು. ತೊಡೆಯ ಮೇಲೆ ಎರಡೂ ಕೈ ಜೋಡಿಸಿಕೊಂಡು ನೆಟ್ಟಗೆ ಕೂತು ಕೇಳಿದಳು. ರಾಗ ಮೇಲೇರುವ ಜಾಗ ಬಂತು. ಈಗ ಕಣ್ಣು ಮುಚ್ಚುತ್ತಾಳೆ ಎಂದು ಕಾದೆ. ಅಮ್ಮ ಕಣ್ಣು ಮುಚ್ಚಲಿಲ್ಲ. ತಲೆ ಆಡಿಸಬಹುದೋ ಬೇಡವೋ ಎಂದು ಮೊದಲು ನನ್ನ ಮುಖ ನೋಡಿದಳು.