ಗೈಶಾಳ ಒರಳು

ಮರುಭೂಮಿಯ ಊರು ಅಗದೇಸ್‌ನ ಗೈಶಾ ಎರಡು ಸಲ ಗಂಡನನ್ನು ಬಿಟ್ಟು ಬಂದಳು; ಒರಳನ್ನು ಮಾತ್ರ ಒಮ್ಮೆಯೂ ಬಿಟ್ಟು ಬರಲಿಲ್ಲ. ಮದುವೆಯಲ್ಲಿ ಡೇರೆಯ ಜೊತೆಗೆ ತಾಯಿ ತನ್ನದನ್ನೇ ಕೊಟ್ಟ ಮರದ ಒರಳು ಅದು. ದಿನವೂ ಅದರಲ್ಲಿ ಸಜ್ಜೆ ಕುಟ್ಟುವುದು. ಮದುವೆಯೋ ನಾಮಕರಣವೋ ಬಂದರೆ ಅದರ ಬಾಯಿಗೆ ಒದ್ದೆ ಮೇಕೆಚರ್ಮ ಹೊದಿಸಿ, ಅಕ್ಕಪಕ್ಕ ಎರಡು ಒನಕೆ ಕಟ್ಟಿ, ಒಂದೊಂದರ ಮೇಲೆ ಒಬ್ಬೊಬ್ಬ ಹೆಂಗಸು ಕೂತರೆ ಚರ್ಮ ಬಿಗಿದು ಒರಳು ನಗಾರಿಯಾಗುತ್ತದೆ. ಅದಕ್ಕೇ ತೆಂದೆ ಅನ್ನುವುದು. ಹಾಡು ಮುಗಿದ ಕೂಡಲೇ ಚರ್ಮ ಬಿಚ್ಚಬೇಕು, ಒರಳು ಒಲೆಯ ಹತ್ತಿರ ಹೋಗಬೇಕು. ಮರುದಿನದ ಹಿಟ್ಟು ಅದರಿಂದಲೇ ಬರಬೇಕಲ್ಲ!

ಗೈಶಾ ಹಾಡಲು ಕೂತರೆ ಗಂಡಸರಿಗೆ ಎದೆ ಢವಢವ. ಪದ ಕಟ್ಟುವುದು ಅಲ್ಲೇ, ಆಗಲೇ. ಹೊಗಳಿದರೆ ಒಂಟೆಯ ಮೇಲೆ ಎದೆಯುಬ್ಬಿಸಿ ಸುತ್ತು ಹಾಕುತ್ತಾರೆ. ಆಡಿಕೊಂಡರೆ, ಮುಖಕ್ಕೆ ಮುಸುಕು ಹಾಕುವವರು ಅಲ್ಲಿ ಗಂಡಸರೇ ನೋಡಿ, ಅದನ್ನು ಕಣ್ಣಿನವರೆಗೂ ಎಳೆದುಕೊಂಡು ಜಾಗ ಖಾಲಿ ಮಾಡುತ್ತಾರೆ. ಅವಳು ಬಿಟ್ಟು ಬಂದ ಮೇಲೆ ಎರಡನೆಯ ಗಂಡ ಅಂಥದೊಂದು ಪದಕ್ಕೆ ಹೆದರಿ ಊರೇ ಬಿಟ್ಟನೆಂದು ಗೆಳತಿ ತೂಮಾ ಇವತ್ತಿಗೂ ಬಿದ್ದು ಬಿದ್ದು ನಗುತ್ತಾಳೆ.

ಇಂಥವಳ ಹತ್ತಿರ ಅಕ್ಕನ ಮಗ ಅಲ್ಹುಸೇನಿ ಬಂದ. ಕಲಾಮೇಳ ನಡೆಸುವವನು.

"ಚಿಕ್ಕಮ್ಮ, ದೇಶದೇಶದೋರು ಬರ್ತಾರೆ. ಮರುಭೂಮಿಯ ದನಿ ಅಂತ ಕಾರ್ಯಕ್ರಮ. ನೀನೇ ಹಾಡ್ಬೇಕು. ಒರಳು ಈಗ್ಲೇ ಕೊಡು, ಸಿದ್ಧ ಮಾಡಿಸ್ತೀನಿ."

"ಸಿದ್ಧ ಮಾಡೋಕೆ ಅದೇನು ಮದುಮಗಳೇನೋ?"

ಅಕ್ಕನ ಮಗ ಕೇಳಿದ್ದಕ್ಕೆ ಇಲ್ಲ ಅನ್ನುವ ಪದ್ಧತಿ ಅವರಲ್ಲಿಲ್ಲ. ಕೊಟ್ಟಳು. ತಾನು ಪಕ್ಕದ ಮನೆಯ ಒರಳು ಕೇಳಿ ತಂದು ಕುಟ್ಟಿಕೊಂಡಳು.

ಮೇಳದ ಸಂಜೆ ವೇದಿಕೆ ಹತ್ತಿದವಳು ಹಾಗೇ ನಿಂತುಬಿಟ್ಟಳು. ಮೂರು ಕಾಲಿನ ಕಬ್ಬಿಣದ ಪೀಠದ ಮೇಲೆ ಒರಳು ಕೂತಿದೆ, ಮೈಯೆಲ್ಲ ಮಿರಿಮಿರಿ ಬಣ್ಣ. ಒನಕೆಗಳನ್ನು ಅಲಂಕಾರಕ್ಕೆಂದು ಪರದೆಗೆ ಒರಗಿಸಿದ್ದಾರೆ. ಚರ್ಮವನ್ನು ಸುತ್ತಲೂ ಮೊಳೆ ಹೊಡೆದು ಕೂರಿಸಿದ್ದಾರೆ. ಅಷ್ಟನ್ನೂ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ತಳದಿಂದ ಒಂದು ವೈರು ಜೋತಾಡುತ್ತಿತ್ತು. ಬಗ್ಗಿ ನೋಡಿದರೆ ಮುಷ್ಟಿ ತೂರುವಷ್ಟು ತೂತು.

"ಏನೋ ಇದು?"

"ಮೈಕು, ಚಿಕ್ಕಮ್ಮ. ಒಳಗಿಟ್ರೆ ದನಿ ಚೆನ್ನಾಗಿ ಬರುತ್ತೆ."

"ಇಷ್ಟು ದಿನ ಏನು ಮೂಗಿ ಆಗಿತ್ತಾ? ನಿಮ್ಮವ್ವ ಉಂಡದ್ದು ಇದರ ಗಂಜಿ. ನೀನು ಉಂಡದ್ದೂ ಇದರದ್ದೇ ಕಣೋ!"

"ಜನ ನೋಡ್ತಿದಾರೆ, ಸುಮ್ನಿರು. ಹೊಸದು ತರಿಸಿಕೊಡ್ತೀನಿ."

ಹೊಸದಂತೆ! ತಾಯಿಯನ್ನೂ ಹೊಸದಾಗಿ ತರಿಸಿಕೊಡುತ್ತಾನೇನೋ, ಭೂಪ.

ಗೈಶಾಳ ಮೈಯೆಲ್ಲ ಉರಿದುಹೋಯಿತು. ಇಳಿದು ಹೋಗಬಹುದಿತ್ತು, ಹೋಗಲಿಲ್ಲ. ಚರ್ಮಕ್ಕೆ ಕೈ ಬಡಿದು ಹಾಡು ಎತ್ತಿದಳು:

"ಹಾಲು ಕೊಟ್ಟ ಒಂಟೆಯ ಹೊಟ್ಟೆ ಬಗೆದವನ ನೋಡಿರೇ,
ಅವ್ವನ ಒಲೆ ಆರಿಸಿ ದೀಪ ಹಚ್ಚಿದವನ ನೋಡಿರೇ,
ಮುಸುಕು ಉದ್ದ, ಮಾನ ಗಿಡ್ಡ, ಅಕ್ಕನ ಮಗನ ನೋಡಿರೇ!"

ಮುಂದಿನ ಸಾಲಿನ ಅತಿಥಿಗಳಿಗೆ ಒಂದಕ್ಷರವೂ ತಿಳಿಯಲಿಲ್ಲ. ತಲೆದೂಗಿ ತಾಳ ಹಾಕಿದರು. ಹಿಂದೆ ನಿಂತಿದ್ದ ಊರಿನವರು ಮಾತ್ರ ಅಲ್ಹುಸೇನಿಯ ಕಡೆ ತಿರುಗಿದರು. ಅಲ್ಹುಸೇನಿ ಮುಸುಕನ್ನು ಕಣ್ಣಿಗೆ ಎಳೆದುಕೊಂಡ.

ಹಾಡು ಮುಗಿಯಿತು. ಮುಗಿದ ಮೇಲೆ ಚರ್ಮ ಬಿಚ್ಚಬೇಕಲ್ಲ? ಗೈಶಾ ನೆಟ್ಟಗೆ ಅಲ್ಹುಸೇನಿಯ ಹತ್ತಿರ ಹೋಗಿ, ಅವನು ಶೋಕಿಗೆಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಠಾರಿಯನ್ನು ಕಿತ್ತುಕೊಂಡಳು. ಮೊಳೆ ಹೊಡೆದಿದ್ದ ಚರ್ಮವನ್ನು ಪರಪರ ಹರಿದಳು. ಒಳಗಿದ್ದ ಮೈಕನ್ನು ಎಳೆದು ಬಿಸಾಕಿದಳು.

"ತೂಮಾ, ಸಂತೆಯಿಂದ ತಂದ ಸಜ್ಜೆ ಕೊಡೇ."

ಸಂತೆಯಿಂದ ನೇರ ಮೇಳಕ್ಕೆ ಬಂದಿದ್ದ ತೂಮಾ ವೇದಿಕೆಯ ಕೆಳಗಿನಿಂದಲೇ ಗಂಟು ಬಿಚ್ಚಿ ಕೊಟ್ಟಳು. ಗೈಶಾ ಸಜ್ಜೆಯನ್ನು ಒರಳಿಗೆ ಸುರಿದಳು. ಕಾಳು ತಳದ ತೂತಿನಿಂದ ಸರಸರನೆ ಇಳಿದು ವೇದಿಕೆಯ ತುಂಬ ಚೆಲ್ಲಾಪಿಲ್ಲಿಯಾಯಿತು. ಅವಳು ಪರದೆಯ ಹತ್ತಿರದ ಒನಕೆ ತಂದು ಅಲ್ಹುಸೇನಿಯ ಕೈಗೆ ತುರುಕಿದಳು.

"ಕುಟ್ಟೋ."

ಅವನು ಒನಕೆ ಹಿಡಿದು ನಿಂತ.

ಮುಂದಿನ ಸಾಲಿನವರು ದಡಬಡ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಇದೂ ಕಲೆಯೇ ಅಂದುಕೊಂಡರು, ಪುಣ್ಯಾತ್ಮರು! ಅಲ್ಹುಸೇನಿ ಒನಕೆ ಬಿಟ್ಟು, ಕುಕ್ಕರಗಾಲಲ್ಲಿ ಕೂತು ಕಾಳು ಆರಿಸತೊಡಗಿದ.

"ನೋಡು, ಎಷ್ಟು ಮೆಚ್ಕೊಂಡ್ರು," ಅಂದಳು ಗೈಶಾ. "ರಾತ್ರಿ ಅವರ ಊಟಕ್ಕೂ ಇದರಲ್ಲೇ ಕುಟ್ಟಿ ಬಡಿಸು."

ಸೆರಗು ಕೊಡವಿ ವೇದಿಕೆ ಇಳಿದಳು. ಮನೆಗೆ ಹೋಗಿ ಪಕ್ಕದವರ ಒರಳು ಕೇಳಬೇಕಿತ್ತು.